ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗೋದು, ಕಬ್ಬಿಣ ತುಕ್ಕು ಹಿಡಿಯೋದು, ಎರಡೂ ಒಂದೇನಾ?

ಹೆಚ್ಚುಕಡಿಮೆ ಹೌದು, ಎರಡರಲ್ಲೂ ಕೆಲಸ ಮಾಡೋದು ಗಾಳಿಯಲ್ಲಿರುವ ಆಮ್ಲಜನಕವೇ. ದಾರಿ ಮಾತ್ರ ಬೇರೆ. ಬದನೆಕಾಯಿ ಸೀಳಿದಾಗ ಜೀವಕೋಶಗಳು ಒಡೆದು, ಒಳಗೆ ಬೇರೆ ಬೇರೆ ಇದ್ದ ಫೀನಾಲ್ ಅನ್ನೋ ರಾಸಾಯನಿಕ ಮತ್ತು ಕಿಣ್ವ (ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡೋ ಪ್ರೋಟೀನ್) ಒಂದಕ್ಕೊಂದು ಸೇರುತ್ತವೆ, ಗಾಳಿಯೂ ತಾಗುತ್ತದೆ, ಸ್ವಲ್ಪ ಹೊತ್ತಿಗೇ ಕಂದು. ಎಣ್ಣೆಗಾಯಿಗೆ ಸೀಳಿದ್ದನ್ನು ಸೀದಾ ಉಪ್ಪು ನೀರಿಗೆ ಹಾಕೋದು ಅದಕ್ಕೇ, ಸುಮ್ನೆ ಅಲ್ಲ.

ಕಬ್ಬಿಣಕ್ಕೆ ಕಿಣ್ವ ಬೇಡ, ಆದರೆ ನೀರಿನ ಪಸೆ ಬೇಕೇ ಬೇಕು. ರಾಯಚೂರಿನ ಬೇಸಿಗೆಯಲ್ಲಿ ಅಂಗಳದಲ್ಲಿ ಬಿದ್ದ ಕುಡುಗೋಲು ಹಾಗೇ ಇರುತ್ತದೆ, ಒಂದು ಮಳೆ ಬಿದ್ದರೆ ಕೆಂಪು. ಸಂಡೂರಿನ ಕೆಂಪು ಧೂಳು ಇದೆಯಲ್ವಾ, ಅದೂ ಕಬ್ಬಿಣಕ್ಕೆ ಆಮ್ಲಜನಕ ಸೇರಿ ಆದ ಹೆಮಟೈಟ್ ಅದಿರಿನದೇ. ಬಿಳಿ ಅಂಗಿಗೆ ಹತ್ತಿದರೆ ಮುಗೀತು ಬಿಡಿ.

ಮಿರ್ಚಿ ಕರಿದ ಎಣ್ಣೆ ಇಟ್ಟಷ್ಟೂ ಕಮಟು ವಾಸನೆ ಬರೋದೂ ಇದೇ ಆಮ್ಲಜನಕದ ಕೆಲಸ.