ಮೊದಲ ತುಂಡಿನ ಹೊಟ್ಟೆ

ಪ್ರಶ್ನೆ: ಮಗ ಓದಿನಲ್ಲಿ ಜಾಣ. ಈಗ ಇದ್ದಕ್ಕಿದ್ದಂತೆ ಫಿಟ್ಟರ್ ಕೆಲಸ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾನೆ. ಎಲ್ಲವನ್ನೂ ಮಷಿನ್ನೇ ಮಾಡುವ ಕಾಲದಲ್ಲಿ ಕೈಕೆಲಸಕ್ಕೆ ಏನು ಬೆಲೆ ಸರ್? ನೆಂಟರು ಕೇಳಿದರೆ ಏನು ಹೇಳಲಿ?
– ಒಬ್ಬ ತಾಯಿ

ಉತ್ತರ: ನೆಂಟರ ವಿಷಯ ಆಮೇಲೆ ನೋಡೋಣ ತಾಯಿ.

ನಾನು 38 ವರ್ಷ ಫಿಟ್ಟರ್ ಆಗಿದ್ದವನು. ಸೇರಿದ ದಿನ ಮೇಸ್ತ್ರಿ ಒಂದು ಅರ, ಒಂದು ಕಬ್ಬಿಣದ ತುಂಡು ಕೊಟ್ಟು "ಮಟ್ಟ ಮಾಡು" ಅಂದರು. ಅಷ್ಟೇ. ಮೂರು ದಿನ ಉಜ್ಜಿದೆ. ಅವರು ಅದರ ಮೇಲೆ ಟ್ರೈ ಸ್ಕ್ವೇರ್ (ನೇರ, ಮೂಲೆ ಸರಿ ಇದೆಯಾ ಅಂತ ನೋಡುವ ಲೋಹದ ಮೂಲೆಮಟ್ಟ) ಇಟ್ಟು ಬೆಳಕಿಗೆ ಹಿಡಿದರು. ನಡುವೆ ಹೊಟ್ಟೆ, ಎರಡೂ ಕಡೆ ಬೆಳಕು! ಹೊಸಬರ ಕೈಯಲ್ಲಿ ಅರ ತೊಟ್ಟಿಲಿನ ಹಾಗೆ ತೂಗುತ್ತದೆ, ಅಂಚು ಜಾಸ್ತಿ ಸವೆಯುತ್ತದೆ. ಮೇಸ್ತ್ರಿ ಇದನ್ನು ಬಾಯಲ್ಲಿ ಹೇಳಲಿಲ್ಲ. ನನ್ನ ಮೊಣಕೈ ಹಿಡಿದು ನಾಲ್ಕು ಸಲ ತಳ್ಳಿಸಿದರು.

ಇನ್ನು ಮಷಿನ್ ಮಾತು. ಅದು ನೆಟ್ಟಗೆ ಓಡಬೇಕಾದರೆ ಅದರ ಹಾಸು, ಅಂದರೆ ಭಾಗಗಳು ಕೂತು ಜಾರುವ ತಳ, ಮಟ್ಟವಾಗಿರಬೇಕು, ಅಲ್ವಾ? ಆ ಮಟ್ಟ ಎಲ್ಲಿಂದ ಬಂತು? 1840ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ ಒಂದು ಉಪಾಯ ವಿವರಿಸಿದ್ದರು. ಎರಡು ಪ್ಲೇಟುಗಳನ್ನು ಒಂದಕ್ಕೊಂದು ಹೊಂದಿಸಿದರೆ ಮೋಸ ಹೋಗಬಹುದು: ಒಂದು ಉಬ್ಬಿ, ಇನ್ನೊಂದು ತಗ್ಗಿ, ಎರಡೂ ಚೆನ್ನಾಗಿ ಕೂತುಬಿಡುತ್ತವೆ. ಮೂರು ಪ್ಲೇಟು ತಗೊಂಡು ಜೋಡಿ ಬದಲಿಸುತ್ತಾ ಹೋದರೆ ಈ ಕಳ್ಳಾಟ ನಡೆಯುವುದಿಲ್ಲ. ನೀಲಿ ಸವರಿ, ಒಂದರ ಮೇಲೊಂದು ಇಟ್ಟು ಆಡಿಸಿ, ಬಣ್ಣ ಹತ್ತಿದ ಉಬ್ಬನ್ನಷ್ಟೇ ಸ್ಕ್ರೇಪರ್‌ನಿಂದ ಕೆರೆಯಬೇಕು. ಒಂದು ಸಲಕ್ಕೆ ಹೋಗುವುದು ಕೆಲವೇ ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್, ಲೆಕ್ಕ ಹಾಕಿಕೊಳ್ಳಿ. ತೀರಾ ನಿಖರವಾಗಿರಬೇಕಾದ ಮಷಿನ್‌ಗಳ ಹಾಸನ್ನು ಇವತ್ತಿಗೂ ಹೀಗೆ ಕೈಯಲ್ಲೇ ಕೆರೆದು ಮುಗಿಸುವವರಿದ್ದಾರೆ.

ಹಾಗಂತ ಸುಮ್ನೆ ಹೊಗಳುವುದಿಲ್ಲ. ಸೊಂಟ ಹಿಡಿಯುತ್ತದೆ. ಕಲಿಸುತ್ತೇವೆ ಅಂತ ಹೇಳಿ ವರ್ಷಗಟ್ಟಲೆ ಕಸ ಗುಡಿಸಿಸುವವರೂ ಇದ್ದಾರೆ. ಕಲಿಸುವವರ ಕೆಲಸವನ್ನು ಕಣ್ಣಾರೆ ನೋಡಿ ಸೇರಿಸಿ. ಓದು ದಂಡ ಆಗುತ್ತದೆ ಅನ್ನೋ ಭಯ ಬೇಡ. ಸೈನ್ ಬಾರ್ (ಒಂದು ತುದಿಯನ್ನು ಲೆಕ್ಕದ ಎತ್ತರಕ್ಕೆ ಏರಿಸಿ ಓರೆ ಅಳೆಯುವ ಪಟ್ಟಿ) ಇಟ್ಟು ಕೋನ ಹೊಂದಿಸುವಾಗ ಶಾಲೆಯ ತ್ರಿಕೋನಮಿತಿಯೇ ಬೇಕು. ಅದು ಬರದೆ ನಾನು ಪಟ್ಟ ಪಾಡು ನನಗೇ ಗೊತ್ತು.

ನೆಂಟರು ಬಂದಾಗ ಮಗ ಉಜ್ಜಿದ ಮೊದಲ ತುಂಡನ್ನು ಅವರ ಕೈಗೆ ಕೊಡಿ. ಹೊಟ್ಟೆ ಇದ್ದರೂ ಪರವಾಗಿಲ್ಲ. ನನ್ನದು ಇನ್ನೂ ಮೇಜಿನ ಮೇಲಿದೆ, ಕಾಗದ ಹಾರದಂತೆ ಇಟ್ಟಿದ್ದೇನೆ. ತಟ್ಟಿದರೆ ಈಗಲೂ ಅಲ್ಲಾಡುತ್ತದೆ.