ಜಾಲಿ ಮುಳ್ಳಿಗೆ ದಪ್ಪ ಟ್ಯೂಬ್ ಹಾಕಬ್ಯಾಡ್ರಿ

‘ಜೈಸಲ್ಮೇರ್ ಮರಳುಗಾಡಿಗೆ ಹೋಗೋ ಮುಂಚೆ ಹೊಸ 29 ಇಂಚಿನ ಸೈಕಲ್ ಆನೆಗೊಂದಿ–ಸಣಾಪುರ ಕಡೆ ಓಡಿಸಿ ನೋಡ್ದೆ, ಎರಡು ಸಲ ಪಂಕ್ಚರ್ ಆತು, ಇನ್ನು ದಪ್ಪ ಟ್ಯೂಬ್ ಹಾಕಿ 50 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ತುಂಬ್ತೀನಿ, ಚೈನಿಗೆ ಎಂಜಿನ್ ಆಯಿಲ್ ಹಾಕ್ತೀನಿ’ ಅಂತ ಬರ್ದೀರಿ. ದಯವಿಟ್ಟು ಬ್ಯಾಡ್ರಿ. ನಾನೂ ಆ ಹಾದಿ ಹಾದು ಬಂದೋನೇ. ಬಳ್ಳಾರಿ ಜಾಲಿ ಮುಳ್ಳು ದಪ್ಪ ಟ್ಯೂಬನ್ನೂ ತೂರ್ತದ. ಟೈರಿನಾಗ ಗಾಳಿ ಹೆಚ್ಚಾದ್ರೆ ಸೈಕಲ್ ಬಂಡೆ ಮ್ಯಾಲೆ ಪುಟಿತದ, ಗರಸಿನಾಗ ಜಾರ್ತದ, ಮರಳಿನಾಗ ಹೂತುಹೋಗ್ತದ. ರಾಜಸ್ಥಾನದ ವಿಲಾಯ್ತಿ ಬಬೂಲ್ ಅಂದ್ರೂ ಇದೇ ಗಿಡ, ಅಲ್ಲಿ ಹೋದ್ರೂ ತಪ್ಪಿದ್ದಲ್ಲ.

ರಿಮ್ಮೂ ಟೈರೂ ಟ್ಯೂಬ್‌ಲೆಸ್ ರೆಡಿ (ಟ್ಯೂಬಿಲ್ದೆ ಗಾಳಿ ಹಿಡಿಯೋ ಥರದ್ದು) ಇದ್ರೆ ಟ್ಯೂಬ್ ತೆಗೆದು, ರಿಮ್ಮಿಗೆ ಟೇಪ್ ಸುತ್ತಿ, ಒಳಗಿಂದ ತೂತು ಮುಚ್ಚೋ ಸೀಲಂಟ್ ದ್ರವ ಹಾಕ್ರಿ. 2.25 ಇಂಚು ಅಗಲದ ಒಂದು ಟೈರಿಗೆ ಡಬ್ಬಿ ಮ್ಯಾಲೆ ಎಷ್ಟೇ ಬರ್ದಿರ್ಲಿ, ನಾನು 120 ಎಂ.ಎಲ್. ಹಾಕ್ತೀನಿ. ನಲವತ್ತು ಡಿಗ್ರಿ ಬಿಸಿಲಿಗೆ ಸೀಲಂಟಿನ ಲ್ಯಾಟೆಕ್ಸ್ (ರಬ್ಬರ್ ಹಾಲು) ಲಗೂನ ಒಣಗ್ತದ. ತಿಂಗಳಿಗೊಮ್ಮೆ ಚಕ್ರ ಕಳಚಿ ಕಿವಿ ಹತ್ರ ಅಲ್ಲಾಡಿಸ್ರಿ, ಒಳಗೆ ಸದ್ದಿಲ್ಲ ಅಂದ್ರೆ ಸೀಲಂಟ್ ಮುಗೀತು. ನೀವು ಎಪ್ಪತ್ತು ಕೆ.ಜಿ. ಇದ್ರೆ ಗಾಳಿ ಮುಂದೆ 23, ಹಿಂದೆ 26 ಪಿಎಸ್‌ಐ ಸಾಕು.

ಮುಳ್ಳು ಚುಚ್ಚಿ ನಿಂತದ, ಗಾಳಿ ಹೋಗ್ತಿಲ್ಲ ಅಂದ್ರೆ ದಾರಿಯಾಗ ಕೀಳಬ್ಯಾಡ್ರಿ, ಮನಿಗೆ ಬಂದು ಕಿತ್ತು ಪ್ಲಗ್ (ತೂತಿಗೆ ತುರುಕೋ ರಬ್ಬರ್ ಎಳೆ) ಹಾಕ್ರಿ. ಸಣ್ಣ ನೆಗ್ಗಿಲು ಮುಳ್ಳಾದ್ರೆ ಅಲ್ಲೇ ಕಿತ್ತು ತೂತನ್ನ ಕೆಳಗೆ ತಿರುಗಿಸಿ ಹಿಡೀರಿ, ಸೀಲಂಟ್ ಮುಚ್ಚಿಬಿಡ್ತದ. ಟೈರಿನ ಪಕ್ಕದ ಗೋಡೆ ಬಂಡೆಗೆ ಸೀಳಿದ್ರೆ ಮಾತ್ರ ಸೀಲಂಟ್ ಕೈಲಿ ಆಗೋದಿಲ್ಲ. ಅದಕ್ಕೇ ನಾನು ಮ್ಯಾಕ್ಸಿಸ್ ಕಂಪನಿ ಟೈರಿನಾಗ ಇಎಕ್ಸ್‌ಒ (ಪಕ್ಕದ ಗೋಡೆಗೆ ಹೆಚ್ಚಿನ ರಕ್ಷಣೆ) ಇರೋದನ್ನೇ ತಗೋತೀನಿ, ತೂಕದ ಆಸೆಗೆ ತೆಳು ಟೈರ್ ತಗೊಳ್ಳೋದು ನಮ್ಮ ನೆಲಕ್ಕೆ ದಂಡ. ಸೀಲಂಟ್ ಕೈಕೊಟ್ರೆ ಹಾಕೋಕೆ ಚೀಲದಾಗ ಒಂದು ಟ್ಯೂಬ್ ಇರ್ಲಿ. ಅದನ್ನ ಹಾಕೋ ಮುಂಚೆ ಟೈರಿನ ಒಳಗೆ ಬಟ್ಟೆ ಸುತ್ತಿದ ಬೆರಳಾಡಿಸಿ ಮುರಿದ ಮುಳ್ಳೆಲ್ಲ ತೆಗೀರಿ. ಅಷ್ಟು ದಿನ ಸೀಲಂಟ್ ಮುಚ್ಚಿಟ್ಟ ಮುಳ್ಳುಗಳು ಅಲ್ಲೇ ಕೂತಿರ್ತಾವ, ಹತ್ತು ನಿಮಿಷದಾಗ ಹೊಸ ಟ್ಯೂಬೂ ಹೋಗ್ತದ.

ಚೈನಿಗೆ ಎಂಜಿನ್ ಆಯಿಲ್ ಅಂತೀರಲ್ಲ, ಅದೂ ನಿಲ್ಲಿಸ್ರಿ! ಸಂಡೂರಿನ ಕೆಂಪು ಅದಿರು ಧೂಳು ಎಣ್ಣೆಗೆ ಸೇರಿದ್ರೆ ಚೈನ್ ಅರೆಯೋ ಪೇಸ್ಟ್ ಆಗ್ತದ. ಎಣ್ಣೆ ಪೂರ್ತಿ ತೊಳೆದು, ಒಣಗಿಸಿ, ಸ್ಕ್ವರ್ಟ್ ಥರದ ಚೈನ್ ವ್ಯಾಕ್ಸ್ (ಮೇಣದ ದ್ರವ) ಹಾಕಿ ರಾತ್ರಿಯಿಡೀ ಒಣಗೋಕೆ ಬಿಡ್ರಿ. 12 ಸ್ಪೀಡ್ (ಹಿಂದೆ 12 ಗೇರಿನ) ಚೈನ್, ಸವೆತ ಅಳೆಯೋ ಗೇಜಿನಾಗ ಶೇ. 0.5 ತೋರಿಸಿದ್ರೆ ಬದಲಿಸ್ರಿ, ಕ್ಯಾಸೆಟ್ (ಹಿಂದಿನ ಹಲ್ಲಿನ ಚಕ್ರಗಳ ಗುಂಪು) ಉಳೀತದ.

ಸೀಟು, ಪೆಡಲ್, ಹ್ಯಾಂಡಲ್ ಎಲ್ಲ ಒಂದೇ ವಾರ ಬದಲಿಸಬ್ಯಾಡ್ರಿ. ಆಮ್ಯಾಲೆ ಮೊಣಕಾಲು ನೋವು ಯಾವುದರಿಂದ ಬಂತು ಅಂತ ಹ್ಯಾಂಗ ತಿಳೀತದ? ಮಳೆ ಬಂದ ಮ್ಯಾಲೆ ಸಿಂಧನೂರು ಕಡೆ ಎರೆ ನೆಲಕ್ಕೆ ಇಳೀಬ್ಯಾಡ್ರಿ, ಫೋರ್ಕಿಗೂ ಚಕ್ರಕ್ಕೂ ನಡುವೆ ಮಣ್ಣು ಕಚ್ಚಿ ಸೈಕಲ್ ಹೊತ್ಕೊಂಡೇ ಬರಬೇಕು. ಆನೆಗೊಂದಿ ಬೆಟ್ಟದ ಸಾಲಿನಾಗ ಕತ್ತಲಾಗೋ ತನಕ ಇರಬ್ಯಾಡ್ರಿ, ಚಿರತೆ, ಕರಡಿ ಓಡಾಡ್ತಾವ.

ಜೈಸಲ್ಮೇರ್ ಮರಳಿನ ಅಭ್ಯಾಸಕ್ಕೆ ತುಂಗಭದ್ರೆ ದಂಡಿ ಐತಲ್ಲ. ಮೊಸಳೆ ಇರ್ತಾವ, ನೀರಿನ ಅಂಚಿಗೆ ಮಾತ್ರ ಹೋಗಬ್ಯಾಡ್ರಿ. ಮುಂದಿನ ಚಕ್ರದ ಗಾಳಿ 18 ಪಿಎಸ್‌ಐಗೆ ಇಳಿಸಿ, ಭಾರ ಹಿಂದೆ ಕೊಟ್ಟು, ಹಗುರ ಗೇರಿನಾಗ ತುಳೀರಿ. ಬಂಡೆ ದಾರಿಗೆ ವಾಪಸ್ ಬರೋ ಮುಂಚೆ ಕೈಪಂಪಿನಿಂದ ಮತ್ತೆ ತುಂಬ್ರಿ, ಇಲ್ಲಾಂದ್ರೆ ರಿಮ್ ಹೋಗ್ತದ.