ಗುಂಡಿ ಮುಚ್ಚಿದ್ದು ಯಾರು, ಬಿಲ್ ಪಾಸ್ ಮಾಡಿದ್ದು ಯಾರು?

ನಗರದ ಕಾಮಗಾರಿಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆ. ರಾಶಿ ಬಂದಿವೆ. ಅದರಲ್ಲಿ ಅರ್ಧಕ್ಕರ್ಧ ಬೈಗುಳ. ಬೈದಿದ್ದು ತಪ್ಪು ಅಂತ ಹೇಳುತ್ತಿಲ್ಲ, ಆದರೆ ಅದಕ್ಕೆ ಉತ್ತರ ಬರೆಯೋಕೆ ಬರಲ್ಲ. ಉಳಿದವುಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇನೆ. ಪಾಲಿಕೆ, ನಗರಸಭೆ, ಬೋರ್ಡು ಅಂತ ಒಂದೊಂದು ಕಡೆ ಒಂದೊಂದು ಹೆಸರು. ನಾನು ಸುಮ್ನೆ ‘ಮಂಡಳಿ’ ಅಂತ ಕರೆಯುತ್ತೇನೆ.

ಪ್ರಶ್ನೆ: ಮಂಡಳಿಯ ಸಭೆ ಹೇಗಿರುತ್ತೆ ನೋಡೋಣ ಅಂತ ಒಂದು ಸಲ ಹೋಗಿ ಕೂತಿದ್ದೆ ಸಾರ್. ನಲವತ್ತು ವಿಷಯ, ಒಂದೇ ಗಂಟೆ. ಎಲ್ಲದಕ್ಕೂ ‘ಒಪ್ಪಿಗೆ, ಒಪ್ಪಿಗೆ’. ಇದಕ್ಕೇ ಮೇಲ್ವಿಚಾರಣೆ ಅನ್ನುತ್ತಾರಾ?

ಉತ್ತರ: ಮಂಡಳಿಯವರು ಸಲಿಕೆ ಹಿಡಿದು ಬೀದಿಗೆ ಇಳಿಯುವುದಿಲ್ಲ, ಅದು ಅವರ ಕೆಲಸವೂ ಅಲ್ಲ. ಅವರ ಕೈಯಲ್ಲಿರುವುದು ಹಣ ಮತ್ತು ಕಡತ. ಒಂದು ಚರಂಡಿಯ ಕೆಲಸವನ್ನೇ ತೆಗೆದುಕೊಳ್ಳಿ. ಅಂದಾಜು ಪಟ್ಟಿ ತಯಾರಾದಾಗ ಅದು ಮಂಡಳಿಯ ಮುಂದೆ ಬರುತ್ತದೆ, ಟೆಂಡರ್ ತೆರೆದಾಗ ಮತ್ತೆ ಬರುತ್ತದೆ, ಅರ್ಧ ಕೆಲಸ ಆದ ಮೇಲೆ ‘ಅಗೆಯುವಾಗ ಬಂಡೆ ಸಿಕ್ಕಿತು, ಇನ್ನಷ್ಟು ಹಣ ಬೇಕು’ ಅಂತ ಇನ್ನೊಮ್ಮೆ ಬರುತ್ತದೆ, ಕೊನೆಯ ಬಿಲ್ಲಿಗೆ ಮಗದೊಮ್ಮೆ. ಅಷ್ಟೂ ಸಲ ‘ಇಲ್ಲ, ಮೊದಲು ತೋರಿಸಿ’ ಅನ್ನುವ ಅಧಿಕಾರ ಅವರಿಗಿದೆ. ಬಳಸುತ್ತಾರೋ ಇಲ್ಲವೋ ಅದು ಬೇರೆ ಮಾತು.

ಮುಂದಿನ ಸಲ ಹೋದರೆ ಆ ಮೂರನೆಯದನ್ನು ಗಮನಿಸಿ. ಅದನ್ನು ‘ಹೆಚ್ಚುವರಿ ಕೆಲಸ’ ಅನ್ನುತ್ತಾರೆ. ಟೆಂಡರಿನಲ್ಲಿ ಕಡಿಮೆ ದರ ಬರೆದು ಕೆಲಸ ಹಿಡಿಯುವವರು ನಷ್ಟ ತುಂಬಿಕೊಳ್ಳುವುದು ಬಹುಪಾಲು ಇಲ್ಲೇ. ಬಂಡೆ ನಿಜವಾಗಿಯೂ ಸಿಗುತ್ತದೆ, ಇಲ್ಲ ಅನ್ನಲ್ಲ. ಆದರೆ ಸಿಕ್ಕಿದ ದಿನ ಯಾರು ಹೋಗಿ ನೋಡಿದರು, ಎಷ್ಟು ಉದ್ದಕ್ಕೆ ಸಿಕ್ಕಿತು, ಫೋಟೋ ಇದೆಯಾ ಅಂತ ಒಬ್ಬ ಸದಸ್ಯ ಕೇಳಿದರೂ ಸಾಕು, ಆಮೇಲಿನ ಹತ್ತು ಕಡತ ಸ್ವಲ್ಪ ನೆಟ್ಟಗೆ ಬರುತ್ತವೆ.

ಹೊರಗಿನ ಒಂದು ಏರ್ಪಾಡು ನನಗೆ ಇಷ್ಟ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಸಾರ್ವಜನಿಕ ಕಾಮಗಾರಿಗೆ ಅಂತಲೇ 5 ಜನರ ಮಂಡಳಿ ಇದೆ. ಮೇಯರ್ ನೇಮಿಸುತ್ತಾರೆ, ನಗರ ಕೌನ್ಸಿಲ್ ಒಪ್ಪಬೇಕು. ಅದು ಅವರಿಗೆ ಪೂರ್ಣಾವಧಿ ಕೆಲಸ, ಸಭೆ ಜನರೆದುರೇ ನಡೆಯುತ್ತದೆ. ಇನ್ನೂ ಮುಖ್ಯವಾದದ್ದು ಅಂದರೆ, ನಕ್ಷೆ ಹಾಕುವ ಎಂಜಿನಿಯರಿಂಗ್ ವಿಭಾಗವೇ ಬೇರೆ, ಗುತ್ತಿಗೆ ಕೆಲಸದ ಮೇಲೆ ಕಣ್ಣಿಡುವ ವಿಭಾಗವೇ ಬೇರೆ. ತಾನೇ ಬರೆದ ಉತ್ತರ ಪತ್ರಿಕೆಗೆ ತಾನೇ ಅಂಕ ಹಾಕಿಕೊಳ್ಳೋ ಹಾಗಿಲ್ಲ.

ಪ್ರಶ್ನೆ: ನಮ್ಮ ರಸ್ತೆಗೆ ಡಾಂಬರು ಹಾಕಿ ಎಂಟು ತಿಂಗಳು. ಆಗಲೇ ಗುಂಡಿ. ಮೊನ್ನೆ ಮಂಡಳಿಯ ಗಾಡಿಯೇ ಬಂದು ತೇಪೆ ಹಾಕಿ ಹೋಯಿತು. ಗುತ್ತಿಗೆದಾರ ಎಲ್ಲಿ ಹೋದ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಒಂದು ಅನ್ಯಾಯ ಅಡಗಿದೆ, ನೀವು ಗಮನಿಸಿಲ್ಲ ಅನ್ಸುತ್ತೆ. ತೇಪೆ ಹಾಕಬೇಕಿದ್ದದ್ದು ಮಂಡಳಿಯ ಗಾಡಿ ಅಲ್ಲ.

ಹೆಚ್ಚಿನ ಗುತ್ತಿಗೆ ಒಪ್ಪಂದಗಳಲ್ಲಿ ‘ದೋಷ ಹೊಣೆಗಾರಿಕೆ ಅವಧಿ’ ಅಂತ ಒಂದು ಇರುತ್ತದೆ. ಒಂದು ವರ್ಷ ಇರಬಹುದು, ಕೆಲವು ಕೆಲಸಗಳಿಗೆ ಅದಕ್ಕಿಂತ ಜಾಸ್ತಿ. ಅಷ್ಟು ದಿನದೊಳಗೆ ಕೆಲಸದ ದೋಷದಿಂದ ಏನು ಹಾಳಾದರೂ ಗುತ್ತಿಗೆದಾರ ಸ್ವಂತ ಖರ್ಚಿನಲ್ಲಿ ಸರಿ ಮಾಡಿಕೊಡಬೇಕು. ಮಾಡದಿದ್ದರೆ ಅಂತಲೇ ಅವನ ಬಿಲ್ಲಿನಲ್ಲಿ ಒಂದು ಪಾಲು ಹಿಡಿದಿಟ್ಟುಕೊಂಡಿರುತ್ತಾರೆ. ಇಷ್ಟೆಲ್ಲ ಚೆನ್ನಾಗಿದೆ. ಆದರೆ ಗುಂಡಿ ಬಿದ್ದಿದೆ ಅಂತ ಅವನಿಗೆ ಯಾರಾದರೂ ಬರವಣಿಗೆಯಲ್ಲಿ ತಿಳಿಸಬೇಕಲ್ವಾ? ತಿಳಿಸಲ್ಲ. ಜನ ಫೋನ್ ಮಾಡುತ್ತಾರೆ, ಮಂಡಳಿ ತನ್ನ ನಿರ್ವಹಣೆ ಹಣದಲ್ಲಿ ತೇಪೆ ಹಾಕಿ ದೂರು ಮುಗಿಸುತ್ತದೆ, ಕಡತದಲ್ಲಿ ರಸ್ತೆ ಮಾತ್ರ ಹೊಳೆಹೊಳೆಯುತ್ತಾ ಇರುತ್ತದೆ, ಅವಧಿ ಮುಗಿದ ದಿನ ಗುತ್ತಿಗೆದಾರ ಬಂದು ಹಿಡಿದಿಟ್ಟ ಹಣ ಎಣಿಸಿಕೊಂಡು ಹೋಗುತ್ತಾನೆ. ಒಂದೇ ಗುಂಡಿಗೆ ನಾವು ಎರಡು ಸಲ ಹಣ ಕೊಟ್ಟ ಹಾಗಾಯಿತು. ಯಾರೂ ಕದ್ದಿಲ್ಲ ನೋಡಿ. ಒಂದು ಕಾಗದ ಬರೆಯಲಿಲ್ಲ, ಅಷ್ಟೇ.

ಇನ್ನು ಎಂಟೇ ತಿಂಗಳಿಗೆ ಯಾಕೆ ಕಿತ್ತಿತು ಅನ್ನುವುದು. ರಸ್ತೆಯಲ್ಲಿ ಕಣ್ಣಿಗೆ ಕಾಣುವುದು ಮೇಲಿನ ಪದರ ಮಾತ್ರ. ಕೆಳಗೆ ಜಲ್ಲಿ ಎಷ್ಟು ದಪ್ಪ ಹಾಕಿದ್ದಾರೆ, ಮಣ್ಣನ್ನು ಎಷ್ಟು ಅದುಮಿದ್ದಾರೆ ಅನ್ನುವುದು ಮುಚ್ಚಿದ ಮೇಲೆ ಗೊತ್ತಾಗಲ್ಲ. ಅದಕ್ಕೇ ಪ್ರತಿ ಪದರವನ್ನೂ ಮುಚ್ಚುವ ಮೊದಲು ಅಳೆದು ಅಳತೆ ಪುಸ್ತಕದಲ್ಲಿ ಬರೆಯಬೇಕು ಅನ್ನುವುದು. ಡಾಂಬರು ಮಿಶ್ರಣ ಬಿಸಿ ಇರುವಾಗಲೇ ರೋಲರ್ ಓಡಬೇಕು. ಸುಮಾರು 80 ಡಿಗ್ರಿಗಿಂತ ತಣ್ಣಗಾದ ಮೇಲೆ ಎಷ್ಟು ಓಡಿಸಿದರೂ ಅದು ಗಟ್ಟಿಯಾಗಿ ಕೂರಲ್ಲ. ಒಳಗೆ ಸಂದು ಉಳಿಯುತ್ತದೆ, ಮಳೆ ನೀರು ಅಲ್ಲಿ ಇಳಿಯುತ್ತದೆ, ಅಲ್ಲಿಂದಾಚೆ ಒಂದೊಂದು ಚಕ್ರವೂ ಜಲ್ಲಿಯನ್ನು ಸ್ವಲ್ಪ ಸ್ವಲ್ಪ ಕೀಳುತ್ತದೆ. ಅನುಮಾನ ಇದ್ದರೆ ರಸ್ತೆಯಿಂದ ದುಂಡನೆಯ ತುಂಡು ಕೊರೆದು ತೆಗೆದು ನೋಡಬಹುದು. ಬಿಲ್ ಕೊಡುವ ಮೊದಲು ನೋಡಬೇಕು, ಕೊಟ್ಟ ಮೇಲೆ ನೋಡಿದರೆ ಅದು ಶವಪರೀಕ್ಷೆ.

ಗುತ್ತಿಗೆದಾರರ ಪರವಾಗಿಯೂ ಒಂದು ಮಾತು ಹೇಳಬೇಕು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ಪರೀಕ್ಷೆಗೆ ಅಂತಲೇ ರಸ್ತೆ ಮಾಡಿ ಹಗಲು ರಾತ್ರಿ ಲಾರಿ ಓಡಿಸಿ ನೋಡಿದರು. ಲಾರಿಯ ಅಚ್ಚಿನ (ಚಕ್ರಗಳನ್ನು ಜೋಡಿಸುವ ದಂಡ, ಆಕ್ಸಲ್) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಹೆಚ್ಚುಕಡಿಮೆ 16 ಪಟ್ಟು ಅಂತ ಗೊತ್ತಾಯಿತು. ಹಾಗಾಗಿ ಮನೆ ಮುಂದಿನ ಸಣ್ಣ ರಸ್ತೆ ಅಂತ ಲೆಕ್ಕ ಹಾಕಿ ಕಟ್ಟಿಸಿ, ಆಮೇಲೆ ಅದರ ಮೇಲೆ ಮರಳು ಲಾರಿ ಬಿಟ್ಟರೆ ತಪ್ಪು ಕಟ್ಟಿದವನದ್ದಲ್ಲ.

ಪ್ರಶ್ನೆ: ಹಳೆಯ ಸೇತುವೆಗೆ ‘ಪರಿಶೀಲಿಸಲಾಗಿದೆ’ ಅಂತ ಬೋರ್ಡು ಹಾಕಿದ್ದಾರೆ. ನಂಬಬಹುದಾ?

ಉತ್ತರ: ಪರಿಶೀಲಿಸಿದ್ದನ್ನು ನಂಬಿ. ಆಮೇಲೆ ಏನು ಮಾಡಿದರು ಅಂತ ಕೇಳಿ.

ಸೇತುವೆಗಳನ್ನು ತಪ್ಪದೆ ನೋಡಬೇಕು ಅನ್ನುವ ನಿಯಮ ಬಂದದ್ದೇ ಸಾವುಗಳಿಂದ. 1967ರಲ್ಲಿ ಅಮೆರಿಕದ ಒಹಾಯೋ ನದಿಯ ಮೇಲಿನ ಸಿಲ್ವರ್ ಬ್ರಿಡ್ಜ್ ಕುಸಿದು 46 ಜನ ಸತ್ತರು. ಕಬ್ಬಿಣದ ಒಂದು ಕೊಂಡಿಯಲ್ಲಿ ಬಿಟ್ಟಿದ್ದ ಸಣ್ಣ ಬಿರುಕು ಕಾರಣ. ಅದಾದ ಮೇಲೆ 1971ರಲ್ಲಿ ಅಲ್ಲಿ ಸೇತುವೆ ತಪಾಸಣೆಗೆ ದೇಶಕ್ಕೆಲ್ಲ ಒಂದೇ ನಿಯಮ ಬಂತು, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನೋಡಲೇಬೇಕು ಅಂತ.

ಈಗ ಅದೇ ದೇಶದ ಪಿಟ್ಸ್‌ಬರ್ಗ್‌ಗೆ ಬನ್ನಿ. ಫರ್ನ್ ಹಾಲೋ ಅನ್ನುವ ಸೇತುವೆ, ಒಡೆತನ ನಗರದ್ದೇ. 2022ರ ಜನವರಿ 28ರ ಬೆಳಗ್ಗೆ ಅದು ಕುಸಿಯಿತು. ಮೇಲೆ ಒಂದು ಬಸ್ಸು, ಕೆಲವು ಕಾರುಗಳು. ಗಾಯ ಆಯಿತು, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ತನಿಖೆ ಮಾಡಿದವರು ಹೇಳಿದ್ದು ಓದಿದರೆ ಮೈ ಉರಿಯುತ್ತದೆ. ತಪಾಸಣೆ ತಪ್ಪಿರಲಿಲ್ಲ. 2011ರಿಂದಲೂ ‘ಸ್ಥಿತಿ ಕೆಟ್ಟದಾಗಿದೆ’ ಅಂತಲೇ ವರದಿ. ನೀರು ಹೋಗುವ ದಾರಿ ಕಟ್ಟಿಕೊಂಡಿದೆ, ಉಕ್ಕಿನ ಕಾಲುಗಳ ಮೇಲೆ ನೀರು, ಕಸ ನಿಂತು ತುಕ್ಕು ತಿನ್ನುತ್ತಿದೆ, ಸ್ವಚ್ಛ ಮಾಡಿ, ರಿಪೇರಿ ಮಾಡಿ ಅಂತ ಮತ್ತೆ ಮತ್ತೆ ಬರೆದಿದ್ದರು. ವರದಿ ಬರುತ್ತಿತ್ತು, ಕಡತ ಸೇರುತ್ತಿತ್ತು, ಮುಂದಿನ ವರದಿಯಲ್ಲೂ ಅದೇ ಸಾಲು. ಶುರುವಿನಲ್ಲೇ ಕಸ ತೆಗೆದಿದ್ದರೆ ಪೊರಕೆ, ಸಲಿಕೆಯಲ್ಲಿ ಮುಗಿಯುವ ಕೆಲಸ.

ಹಾಗಾಗಿ ಮಂಡಳಿಗೆ ಅರ್ಜಿ ಹಾಕುವುದಾದರೆ ಒಂದೇ ವರದಿ ಕೇಳಬೇಡಿ. ಹೋದ ಸಲದ್ದು ಮತ್ತು ಈ ಸಲದ್ದು ಎರಡೂ ಕೇಳಿ, ಪಕ್ಕಪಕ್ಕ ಇಟ್ಟು ಓದಿ. ಹೋದ ಸಲ ‘ಮಾಡಬೇಕು’ ಅಂತ ಬರೆದದ್ದೇ ಈ ಸಲವೂ ‘ಮಾಡಬೇಕು’ ಅಂತ ಇದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು.

ಪ್ರಶ್ನೆ: ಹೊಸ ರಸ್ತೆ ಹಾಕಿದ ಮರುವಾರವೇ ನೀರಿನವರು ಬಂದು ಅಗೆಯುತ್ತಾರೆ. ಒಬ್ಬರಿಗೊಬ್ಬರು ಮಾತೇ ಆಡಲ್ವಾ?

ಉತ್ತರ: ಆಡಲ್ಲ. ನೀರು, ಕರೆಂಟು, ಕೇಬಲ್ಲು, ಒಳಚರಂಡಿ, ಒಬ್ಬೊಬ್ಬರ ಹಣ ಒಂದೊಂದು ತಿಂಗಳಲ್ಲಿ ಬರುತ್ತದೆ. ಬಂದಾಗ ಅಗೆಯುತ್ತಾರೆ. ಮದ್ದು ಕಷ್ಟದ್ದೇನಲ್ಲ. ಯಾವ ರಸ್ತೆಗೆ ಯಾವಾಗ ಡಾಂಬರು ಅಂತ ಮಂಡಳಿ ವರ್ಷ ಮುಂಚೆ ಪಟ್ಟಿ ಹೊರಡಿಸಿ, ಅಗೆಯುವವರು ಈಗಲೇ ಅಗೆಯಿರಿ, ಆಮೇಲೆ ಇಷ್ಟು ವರ್ಷ ತುರ್ತು ಕೆಲಸ ಬಿಟ್ಟು ಬೇರೆ ಯಾವುದಕ್ಕೂ ಅನುಮತಿ ಇಲ್ಲ ಅಂತ ಹೇಳಬೇಕು. ಎಷ್ಟೋ ನಗರಗಳಲ್ಲಿ ಈ ನಿಯಮ ಇದೆ. ‘ತುರ್ತು’ ಅನ್ನುವ ಒಂದು ಪದದೊಳಗೆ ಎಲ್ಲರೂ ನುಸುಳುತ್ತಾರೆ ಅನ್ನುವುದೂ ನಿಜ.

ಪ್ರಶ್ನೆ: ಆಯ್ಕೆಯಾದವರನ್ನು ಬಿಟ್ಟು ತಜ್ಞರದ್ದೇ ಒಂದು ಮಂಡಳಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತ ನನ್ನ ಅನಿಸಿಕೆ. ನೀವೇನಂತೀರಿ?

ಉತ್ತರ: ಅರ್ಧ ಒಪ್ಪುತ್ತೇನೆ. ಲಂಡನ್ನಿನ ಕತೆ ಹೇಳುತ್ತೇನೆ ಕೇಳಿ. 1855ರ ಕಾಯ್ದೆಯಿಂದ ಅಲ್ಲಿ ಮೆಟ್ರೊಪಾಲಿಟನ್ ಬೋರ್ಡ್ ಆಫ್ ವರ್ಕ್ಸ್ ಅಂತ ಹುಟ್ಟಿತು. ಜನ ನೇರವಾಗಿ ಆರಿಸಿದ್ದಲ್ಲ, ಬಡಾವಣೆಗಳ ಸಭೆಗಳು ಕಳಿಸಿದ ಸದಸ್ಯರು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಎಷ್ಟು ನಾರಿತು ಅಂದರೆ ಪಾರ್ಲಿಮೆಂಟಿನವರು ಕಿಟಕಿ ಪರದೆಗಳನ್ನು ವಾಸನೆ ತಡೆಯೋಕೆ ಸುಣ್ಣದ ಕ್ಲೋರೈಡಿನಲ್ಲಿ, ಅಂದರೆ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ, ಅದ್ದಿ ಕೂತರು. ಆಮೇಲೆ ಹಣ ಬೇಗ ಬಿಡುಗಡೆಯಾಯಿತು ಅಂತ ಬೇರೆ ಹೇಳಬೇಕಾ? ಬೋರ್ಡಿನ ಮುಖ್ಯ ಎಂಜಿನಿಯರ್ ಜೋಸೆಫ್ ಬ್ಯಾಜಲ್ಗೆಟ್ ನಗರಕ್ಕೆಲ್ಲ ಒಳಚರಂಡಿ ಕಟ್ಟಿಸಿದರು. ಆಗಿನ್ನೂ ಹೊಸದಾಗಿದ್ದ ಪೋರ್ಟ್‌ಲ್ಯಾಂಡ್ ಸಿಮೆಂಟನ್ನು ಪರೀಕ್ಷೆ ಮಾಡಿಸದೆ ಬಳಸಲು ಬಿಡುತ್ತಿರಲಿಲ್ಲ. ಆ ಕಾಲುವೆಗಳು ಇವತ್ತಿಗೂ ಕೆಲಸ ಮಾಡುತ್ತಿವೆ.

ಅದೇ ಬೋರ್ಡಿನ ಕೆಲವು ಅಧಿಕಾರಿಗಳು 1880ರ ದಶಕದಲ್ಲಿ ರಸ್ತೆ ಅಗಲ ಮಾಡಿ ಉಳಿದ ಜಾಗಗಳ ವ್ಯವಹಾರದಲ್ಲಿ ಕೈ ಬಿಸಿ ಮಾಡಿಕೊಂಡರು. ವಿಚಾರಣಾ ಆಯೋಗ ಕೂತಿತು. 1889ರಲ್ಲಿ ಬೋರ್ಡನ್ನೇ ತೆಗೆದು, ಜನ ಆರಿಸಿದ ಕೌಂಟಿ ಕೌನ್ಸಿಲ್ ತಂದರು. ತಜ್ಞರು ಸಿಮೆಂಟ್ ಚೆನ್ನಾಗಿ ನೋಡುತ್ತಾರೆ. ಅವರನ್ನು ನೋಡುವವರೂ ಬೇಕು.

ಪ್ರಶ್ನೆ: ಫೋನ್ ಮಾಡಿ ಮಾಡಿ ಸಾಕಾಯಿತು. ದೂರು ಕೊಟ್ಟು ಏನಾದರೂ ಪ್ರಯೋಜನ ಇದೆಯಾ?

ಉತ್ತರ: ಫೋನಿನಿಂದ ಕಡಿಮೆ. ಬರೆದು ಕೊಟ್ಟರೆ ಇದೆ, ಸ್ವೀಕೃತಿ ಪಡೆದುಕೊಂಡರೆ ಇನ್ನೂ ಇದೆ. ಇದಕ್ಕೆ ನ್ಯೂಯಾರ್ಕ್‌ನಲ್ಲಿ ನಡೆದದ್ದು ಒಂದು ಮಜವಾದ ಉದಾಹರಣೆ. ಗುಂಡಿ ಇದೆ ಅಂತ ಮೊದಲೇ ಬರವಣಿಗೆಯಲ್ಲಿ ತಿಳಿಸಿ 15 ದಿನ ಕಳೆದಿದ್ದರೆ ಮಾತ್ರ ಬಿದ್ದವರಿಗೆ ನಗರ ಪರಿಹಾರ ಕೊಡಬೇಕು ಅಂತ 1979ರಲ್ಲಿ ಅಲ್ಲಿ ಕಾನೂನು ತಂದರು. ಯಾರು ತಾನೇ ಬರೆದು ಕೊಟ್ಟಾರು ಅಂತ ಲೆಕ್ಕ ಹಾಕಿದ್ದರೋ ಏನೋ. ವಕೀಲರ ಸಂಘ ಸುಮ್ಮನೆ ಕೂರಲಿಲ್ಲ. ಅದಕ್ಕೆಂದೇ ಒಂದು ಸಂಸ್ಥೆ ಮಾಡಿ, ಕೂಲಿ ಕೊಟ್ಟು ಜನರನ್ನು ಬೀದಿ ಬೀದಿ ನಡೆಸಿ, ಕಾಲುದಾರಿಯ ಒಂದೊಂದು ಬಿರುಕನ್ನೂ ನಕ್ಷೆಯಲ್ಲಿ ಗುರುತು ಮಾಡಿಸಿ, ಆ ನಕ್ಷೆಗಳ ಕಟ್ಟನ್ನೇ ನಗರದ ಕಚೇರಿಗೆ ಕೊಟ್ಟಿತು. ತಗೊಳ್ಳಿ ಸ್ವಾಮಿ, ಎಲ್ಲವೂ ತಿಳಿಸಿದ್ದೇವೆ ಅಂತ.

ನಿಮಗೆ ಅಷ್ಟು ದೊಡ್ಡ ಸಾಹಸ ಬೇಡ. ಜಾಗ, ದಿನಾಂಕ, ಫೋಟೋ, ಒಂದು ಸಾಲು. ಜೊತೆಗೆ ‘ಈ ರಸ್ತೆ ದೋಷ ಹೊಣೆಗಾರಿಕೆ ಅವಧಿಯಲ್ಲಿದೆಯೇ ತಿಳಿಸಿ’ ಅಂತ ಇನ್ನೊಂದು ಸಾಲು ಸೇರಿಸಿ. ಆ ಎರಡನೇ ಸಾಲು ಓದಿದ ಎಂಜಿನಿಯರ್ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರುತ್ತಾರೆ. ನಾನೇ ಕಣ್ಣಾರೆ ನೋಡಿದ್ದೇನೆ.

ಪ್ರಶ್ನೆ: ಪೈಪ್ ಹಾಕಿ ಮುಚ್ಚಿದ ಜಾಗ ಯಾವಾಗಲೂ ತಗ್ಗಾಗುವುದು ಯಾಕೆ?

ಉತ್ತರ: ತೆಗೆದ ಮಣ್ಣನ್ನೆಲ್ಲ ಒಂದೇ ಸಲ ತಳ್ಳಿ, ಮೇಲಿಂದ ಎರಡು ಸಲ ಗಾಡಿ ಓಡಿಸುತ್ತಾರೆ, ಅದಕ್ಕೆ. ಗೇಣು ಗೇಣು ದಪ್ಪಕ್ಕೆ ಹಾಕಿ, ಹದವಾಗಿ ನೀರು ಚಿಮುಕಿಸಿ, ಪ್ರತಿ ಪದರವನ್ನೂ ಅದುಮಿ ಮೇಲೆ ಬರಬೇಕು. ಅರ್ಧ ದಿನ ಜಾಸ್ತಿ ಹಿಡಿಯುತ್ತದೆ. ಮುಂದಿನ ಸಲ ಅಗೆದಾಗ ಮುಚ್ಚುವ ಹೊತ್ತಿಗೆ ಸುಮ್ನೆ ಹೋಗಿ ಪಕ್ಕದಲ್ಲಿ ನಿಂತು ನೋಡಿ, ಏನೂ ಮಾತಾಡಬೇಡಿ. ಎರಡು ಪದರವಾದರೂ ಹಾಕುತ್ತಾರೆ.